‘ಎದೆ ನೋಯ್ತಿದೆ’ ಅಂತ ನಿಮ್ಮ ಕೆಲಸಗಾರ ನಿಮಗೆ ಹೇಳಬಲ್ಲನೇ?



ಈ ವಾರ ಎಣ್ಣೆ, ಉಪ್ಪು, ವಾಕಿಂಗ್ ಬಗ್ಗೆ ಬರೆಯುತ್ತಿಲ್ಲ. ನಿಮ್ಮ ಕೈಕೆಳಗೆ ದುಡಿಯುವವರ ಹೃದಯದ ಬಗ್ಗೆ ಬರೆಯುತ್ತಿದ್ದೇನೆ. ಮುಂಬೈಯಲ್ಲಿ ಹೋಟೆಲ್ ನಡೆಸುವವರು, ಪುಣೆ, ಹೈದರಾಬಾದಿನಲ್ಲಿ ಐಟಿ ಟೀಮ್ ನೋಡಿಕೊಳ್ಳುವವರು, ಚೆನ್ನೈ, ದೆಹಲಿಯಲ್ಲಿ ಅಂಗಡಿ ಅಥವಾ ಕಚೇರಿ ಇಟ್ಟವರು, ಮನೆಗೆ ಡ್ರೈವರ್, ಕೆಲಸದವರನ್ನು ಇಟ್ಟುಕೊಂಡವರು ದಯವಿಟ್ಟು ಕೊನೆಯವರೆಗೆ ಓದಿ.

ನನ್ನ ಬಳಿ ಬಂದ ಒಬ್ಬರ ಕತೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೋಟೆಲಿನಲ್ಲಿ ಸಪ್ಲೈಯರ್, ವಯಸ್ಸು 41. ಬೆಳಿಗ್ಗೆ 11ಕ್ಕೆ ಎದೆ ನಡುವೆ ಭಾರ, ಎಡಗೈ ಸೆಳೆತ, ಮೈಯೆಲ್ಲ ಬೆವರು. ಊಟದ ರಶ್ ಶುರುವಾಗುವ ಹೊತ್ತು. ಹಿಂದಿನ ತಿಂಗಳು ಜ್ವರ ಅಂದಾಗ ಗಲ್ಲಾದಿಂದ ಒಂದು ಮಾತು ಬಂದಿತ್ತು: “ರಶ್ ಹೊತ್ತಿಗೇ ನಿಮಗೆಲ್ಲ ಕಾಯಿಲೆ ಬರೋದು.” ಅದು ನೆನಪಾಗಿ ಅವರು ಬಾಯಿ ಬಿಡಲಿಲ್ಲ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು, ಟ್ರೇ ಹಿಡಿದು ಓಡಾಡಿದರು. ಮಧ್ಯಾಹ್ನ ಮೂರೂವರೆಗೆ ಕುಸಿದರು.

ಮುಚ್ಚಿದ ರಕ್ತನಾಳ ತೆರೆದೆವು, ಜೀವ ಉಳಿಯಿತು. ಆದರೆ ಆ ನಾಲ್ಕೂವರೆ ಗಂಟೆಯಲ್ಲಿ ಸತ್ತುಹೋದ ಹೃದಯದ ಸ್ನಾಯು ಮತ್ತೆ ಬರಲಿಲ್ಲ. ಈಗ ಒಂದು ಮಹಡಿ ಹತ್ತಿದರೂ ಏದುಸಿರು.

ಅವರನ್ನು ಆಸ್ಪತ್ರೆಗೆ ತಂದದ್ದು ಧಣಿಯೇ. ದುಡ್ಡು ಕಟ್ಟಿದ್ದೂ ಅವರೇ. “ಒಂದು ಮಾತು ಹೇಳಿದ್ದರೆ 11 ಗಂಟೆಗೇ ನಾನೇ ಕಾರಲ್ಲಿ ಕರಕೊಂಡು ಬರ್ತಿದ್ದೆ ಡಾಕ್ಟ್ರೇ” ಎಂದು ಕಣ್ಣೀರು ಹಾಕಿದರು. ಖಂಡಿತ ಕರೆತರುತ್ತಿದ್ದರು, ಅವರು ಕೆಟ್ಟವರಲ್ಲ. ಆದರೆ ಅದು ಆ ಸಪ್ಲೈಯರ್‌ಗೆ ಗೊತ್ತಿರಲಿಲ್ಲ.

*ಮಾತಿಗೂ ಹೃದಯಕ್ಕೂ ಏನು ಸಂಬಂಧ?*

1967ರಲ್ಲಿ ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಅತಿ ಕೆಳದರ್ಜೆಯ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲ್ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಆರಂಭವಾದ ಎರಡನೇ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಿಗೆ ಹೃದ್ರೋಗ ಹೆಚ್ಚು ಎಂದು ಕಂಡಿತು.

ಸ್ವೀಡನ್ನಿನಲ್ಲಿ 3,000ಕ್ಕೂ ಹೆಚ್ಚು ಪುರುಷ ನೌಕರರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರ. ಕೆಲಸದ ಗುರಿ ಸ್ಪಷ್ಟವಾಗಿ ಹೇಳುವ, ಬೇಕಾದ ಮಾಹಿತಿ ಕೊಡುವ, ಚೆನ್ನಾಗಿ ಮಾಡಿದಾಗ ಮೆಚ್ಚುವ, ಕಾಳಜಿ ತೋರಿಸುವ ಮೇಲಧಿಕಾರಿ ಇದ್ದವರಲ್ಲಿ ಹೃದಯಾಘಾತ ಕಡಿಮೆ ಇತ್ತು.

ಇನ್ನು ದುಡಿಮೆಯ ಗಂಟೆಗಳು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿದರೆ, 35–40 ಗಂಟೆ ದುಡಿಯುವವರಿಗಿಂತ ಹೃದ್ರೋಗದ ಸಾವಿನ ಅಪಾಯ ಶೇ. 17, ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿವೆ.

ಬೈಗುಳದಿಂದಲೇ ಹೃದಯಾಘಾತ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವೇ ದೊಡ್ಡ ಶತ್ರುಗಳು. ಆದರೆ ದಿನವೂ ಹೆದರಿಕೆಯಲ್ಲಿ ದುಡಿಯುವವನ ಬಿಪಿ ಏರುತ್ತದೆ, ನಿದ್ದೆ ಕೆಡುತ್ತದೆ, ಬೀಡಿ ಸಿಗರೇಟು ಹೆಚ್ಚುತ್ತದೆ. ಕಡೆಗೆ ನೋವು ಬಂದಾಗ ಅದೇ ಹೆದರಿಕೆ ಬಾಯಿ ಮುಚ್ಚಿಸುತ್ತದೆ.

*ನೀವು ಮಾಡಬೇಕಾದದ್ದು*

1. ಕೆಲಸಕ್ಕೆ ಸೇರಿಸಿಕೊಳ್ಳುವಾಗ: ಎಷ್ಟು ಗಂಟೆ ಕೆಲಸ, ವಾರದ ರಜೆ ಯಾವಾಗ, ಹುಷಾರಿಲ್ಲದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ. ಊರಿನ ಮನೆಯವರದ್ದೊಂದು, ಇಲ್ಲಿ ಜೊತೆಗಿರುವವರದ್ದೊಂದು ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಖರ್ಚಿನಲ್ಲಿ ಬಿಪಿ, ಶುಗರ್ ಪರೀಕ್ಷೆ ಮಾಡಿಸಿ. ಮೊದಲೇ ಹೇಳಿ: “ಇದು ನಿನ್ನನ್ನು ತೆಗೆದುಹಾಕಲು ಅಲ್ಲ.” ರಿಪೋರ್ಟ್ ಅವರ ಕೈಗೇ ಕೊಡಿ. ನಿಮ್ಮ ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ತಿಂಗಳ ವೇತನ 21,000 ರೂಪಾಯಿವರೆಗಿನವರ ನೋಂದಣಿ ನಿಮ್ಮ ಹೊಣೆ. ಆಸ್ಪತ್ರೆಗೆ ಓಡುವ ದಿನ ಆ ಕಾರ್ಡ್ ಹುಡುಕುವಂತಾಗಬಾರದು.

2. ದಿನನಿತ್ಯದ ಮಾತಿನಲ್ಲಿ: ತಪ್ಪು ಹೇಳುವುದಿದ್ದರೆ ಪಕ್ಕಕ್ಕೆ ಕರೆದು ಹೇಳಿ. ಗಿರಾಕಿಗಳ ಮುಂದೆ, ಆಫೀಸ್ ಗ್ರೂಪಿನಲ್ಲಿ ಬೇಡ. ರಾತ್ರಿ 11ಕ್ಕೆ ಟೀಮಿಗೆ ಮೆಸೇಜ್ ಹಾಕುವ ಅಭ್ಯಾಸ ಬಿಡಿ. ಯಾರಾದರೂ ಹುಷಾರಿಲ್ಲ ಅಂದರೆ ನಿಮ್ಮ ಮೊದಲ ಮಾತು “ಏನಾಗ್ತಿದೆ?” ಎಂದಿರಲಿ. “ಈಗಲೇ ಬೇಕಿತ್ತಾ?” ಎಂದು ಒಮ್ಮೆ ಕೇಳಿದರೂ ಸಾಕು, ಹತ್ತು ಜನ ಕೇಳಿಸಿಕೊಂಡಿರುತ್ತಾರೆ. ಮುಂದೆ ಹತ್ತೂ ಜನ ಸುಮ್ಮನಿರುತ್ತಾರೆ.

3. ಎದೆನೋವು ಅಂದ ದಿನ: ಎದೆ ಭಾರ, ಬಿಗಿತ, ಕೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಇದ್ದರೆ ಕೆಲಸ ನಿಲ್ಲಿಸಿ ಕೂರಿಸಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದ ಸಂಕಟ ಇರಬಹುದು. ಮೆಟ್ಟಿಲು ಹತ್ತಿಸಬೇಡಿ. “ರೂಮಿಗೆ ಹೋಗಿ ಮಲಗು” ಎನ್ನಬೇಡಿ. ಒಬ್ಬರನ್ನೇ ಆಟೋ ಹತ್ತಿಸಿ ಕಳಿಸಬೇಡಿ. 112ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108 ಆಂಬ್ಯುಲೆನ್ಸ್ ಕೂಡ ಇದೆ. ಇಸಿಜಿ ಮತ್ತು ಹೃದಯ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದಿಟ್ಟುಕೊಳ್ಳಿ. ಗ್ಯಾಸ್ ಹೌದೋ ಅಲ್ಲವೋ ಎಂದು ನೀವು ತೀರ್ಮಾನಿಸಬೇಡಿ, ಅದು ಇಸಿಜಿ ನೋಡಿದ ಡಾಕ್ಟರ ಕೆಲಸ.

4. ವಾಪಸ್ ಬಂದಾಗ: ಸ್ಟೆಂಟ್ ಹಾಕಿಸಿಕೊಂಡ ಬಹಳಷ್ಟು ಮಂದಿ ಕೆಲವು ವಾರಗಳಲ್ಲಿ ಕೆಲಸಕ್ಕೆ ಮರಳಬಹುದು. ಯಾವಾಗ, ಎಷ್ಟು ಭಾರದ ಕೆಲಸ ಎಂಬುದನ್ನು ಅವರ ಡಾಕ್ಟರನ್ನು ಕೇಳಿ. ಮೊದಮೊದಲು ಹಗುರ ಕೆಲಸ ಕೊಡಿ. ಮಾತ್ರೆ ತಪ್ಪಿಸಲು ಬಿಡಬೇಡಿ. ಕೆಲಸದಿಂದ ತೆಗೆದರೆ, ಮುಂದಿನವನು ತನ್ನ ನೋವನ್ನು ಇನ್ನಷ್ಟು ಹೊತ್ತು ಮುಚ್ಚಿಡುತ್ತಾನೆ.

ಮ್ಯಾನೇಜರ್ ಆಗಿರುವವರೇ, ನಿಮ್ಮ ಮೇಲೂ ಒಬ್ಬ ಧಣಿ ಇರುತ್ತಾನೆ. ಮೀಟಿಂಗ್ ಮುಗಿಯಲಿ ಎಂದು ಎದೆನೋವು ತಡೆದುಕೊಂಡು ಕೂತ ಮ್ಯಾನೇಜರ್‌ಗಳನ್ನೂ ನಾನು ನೋಡಿದ್ದೇನೆ. ನಿಯಮ ನಿಮಗೂ ಅದೇ.

ನಾಳೆ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಸೇರಿಸಿ ಇಷ್ಟು ಹೇಳಿ: “ಎದೆ ನೋವು, ಉಸಿರು ಕಟ್ಟಿದ ಹಾಗೆ ಆದರೆ ತಕ್ಷಣ ನನಗೆ ಹೇಳಿ. ಎಷ್ಟೇ ರಶ್ ಇರಲಿ. ಕಡೆಗೆ ಗ್ಯಾಸ್ ಅಂತಾದರೂ ಸರಿ, ಆ ದಿನದ ಸಂಬಳ ಕತ್ತರಿಸುವುದಿಲ್ಲ.” ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ.

ಹೋಟೆಲ್, ಅಂಗಡಿ, ಕಚೇರಿ ನಡೆಸುವ ನಿಮ್ಮ ಬಳಗಕ್ಕೆಲ್ಲ ಇದನ್ನು ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.