ಐದು ನಿಮಿಷದ ಸಾಲ, ಮೂರು ವರ್ಷದ ಲೆಕ್ಕ!

ಹಿಂದೆ ಸಾಲ ಬೇಕಾದರೆ ಸಾಹುಕಾರರ ಜಗಲಿ ಹತ್ತಬೇಕಿತ್ತು. ಪ್ರೋನೋಟು, ಜಾಮೀನು, ಮೇಲೆ ನಾಲ್ಕು ಮಾತು ಬೇರೆ. ಈಗ ಹಾಗಿಲ್ಲ ಸ್ವಾಮಿ! ರಾಯಚರ್ಲಿನಲ್ಲಿ ಬಸ್ಸು ಹತ್ತಿದವನು ಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮೊಬೈಲಿನಲ್ಲೇ ಸಾಲ ಮಂಜೂರು. ಆಧಾರ್, ಪ್ಯಾನ್, ಒಂದು ಸೆಲ್ಫಿ ಇದ್ದರೆ ಸಾಕು.

ಆದರೆ ಸಾಹುಕಾರರ ಲೆಕ್ಕ ಅವರ ಪುಸ್ತಕದಲ್ಲೇ ಇರುತ್ತಿತ್ತು. ಮೊಬೈಲ್ ಸಾಲದ ಲೆಕ್ಕ ದೇಶದ ಯಾವ ಬ್ಯಾಂಕಿನವರು ಬೇಕಾದರೂ ತೆಗೆದು ನೋಡಬಹುದು. ಇದನ್ನೇ ನಮ್ಮ ಜನ 'ಸಿಬಿಲ್' ಅಂತಾರೆ. ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ಒಟ್ಟು ನಾಲ್ಕು ಕಂಪನಿಗಳಿವೆ. 2005ರ ಕಾಯಿದೆ ಪ್ರಕಾರ ನಡೆಯುವ ಇವು 300ರಿಂದ 900ರ ಒಳಗೆ ಅಂಕ ಹಾಕುತ್ತವೆ. ಮೇಷ್ಟರಾದರೂ ಮಾರ್ಕ್ಸ್ ಕಾರ್ಡು ಮನೆಗೆ ಕಳಿಸುತ್ತಿದ್ದರು. ಇವರದನ್ನು ನಾವೇ ಹೋಗಿ ಕೇಳಬೇಕು!

ಸಿರಾದ ಒಬ್ಬ ಅಂಗಡಿಯವರು ಹಬ್ಬದ ಮಾಲಿಗೆ ಅಂತ ಐದು ಸಾವಿರ ತೆಗೊಂಡರು ಅಂದುಕೊಳ್ಳಿ. ತಿಂಗಳ ಗಡುವು. ವ್ಯಾಪಾರದ ಗಡಿಬಿಡಿಯಲ್ಲಿ ಹನ್ನೆರಡು ದಿನ ತಡವಾಯಿತು. ದಂಡ ಸಮೇತ ಕಟ್ಟಿ 'ಮುಗೀತಪ್ಪ' ಅಂದರು. ಎಲ್ಲಿ ಮುಗೀತು? ತಡವಾದ ದಿನಗಳ ಲೆಕ್ಕ ದಾಖಲೆಗೆ ಹೋಗಿ ಕೂತಿದೆ. ಹಿಂದಿನ 36 ತಿಂಗಳು ಕಂತು ಹೇಗೆ ಕಟ್ಟಿದ್ದೀರಿ ಅನ್ನೋದು ಅಲ್ಲಿ ತಿಂಗಳುವಾರು ಕಾಣುತ್ತೆ. ಮುಂದೊಂದು ದಿನ ಅಂಗಡಿ ದೊಡ್ಡದು ಮಾಡಲು ಮೂರು ಲಕ್ಷ ಕೇಳಿದಾಗ ಮ್ಯಾನೇಜರ್ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸುತ್ತಾರೆ. 'ಈ ಫೈನಾನ್ಸ್ ಹೆಸರೇ ಕೇಳಿಲ್ಲ ಸಾರ್' ಅಂದರೆ ಪ್ರಯೋಜನವಿಲ್ಲ. ಆ್ಯಪಿನ ಹೆಸರು ಒಂದು, ಹಿಂದೆ ನಿಂತು ಹಣ ಕೊಡುವ ಕಂಪನಿಯ ಹೆಸರು ಇನ್ನೊಂದು. ದಾಖಲೆಯಲ್ಲಿ ಬರೋದು ಎರಡನೆಯದು.

ಒಂದು ವಾರದ ಸಾಲವಾದರೂ ಬಿಡುವಂತಿಲ್ಲ, ವರದಿ ಮಾಡಲೇಬೇಕು ಎಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. 2025ರ ಜನವರಿಯಲ್ಲಿ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಲೆಕ್ಕ ಹೋಗಬೇಕೆಂಬ ನಿಯಮ ಬಂತು. ಗಡುವಿಗೆ ಸರಿಯಾಗಿ ಕಟ್ಟಿದವನ ಹೆಸರು ಇದರಿಂದಲೇ ಒಳ್ಳೇದೂ ಆಗುತ್ತೆ, ಅದನ್ನೂ ಹೇಳಬೇಕು. ಆದರೆ ಒಂದರ ಮೇಲೊಂದು ನಾಲ್ಕು ಆ್ಯಪಿಗೆ ಅರ್ಜಿ ಹಾಕಿದರೆ ಅದೂ ದಾಖಲಾಗುತ್ತೆ. ನೋಡಿದವರು 'ಇವನ ಕೈ ಬಿಗಿಯಾಗಿದೆ' ಅಂತ ತಿಳಿಯುತ್ತಾರೆ.

ಇನ್ನೊಂದು ಮೋಸ ಇದೆ. 'ಅರ್ಧ ಕಟ್ಟಿ, ಸೆಟ್ಲ್ ಮಾಡ್ಕೊಳ್ಳಿ' ಅಂತ ಫೋನು ಬರುತ್ತೆ. ಖುಷಿಯಾಗಿ ಕಟ್ಟಿದರೆ ದಾಖಲೆಯಲ್ಲಿ 'ಸೆಟಲ್ಡ್' ಎಂದು ಬೀಳುತ್ತೆ. ಅದು 'ಕ್ಲೋಸ್ಡ್' ಅಲ್ಲ! ಪೂರ್ತಿ ಕಟ್ಟಲಿಲ್ಲ ಅನ್ನೋದೇ ಅದರ ಅರ್ಥ.

ಕಳ್ಳ ಆ್ಯಪುಗಳ ಕಥೆ ಬೇರೆ. ಐದು ಸಾವಿರ ಅಂತ ಹೇಳಿ ಕೈಗೆ ಮೂರೂವರೆ ಸಾವಿರ ಕೊಟ್ಟು, ಏಳು ದಿನಕ್ಕೆ ಐದು ಸಾವಿರ ಕೇಳಿದರೆ ವಾರಕ್ಕೆ ನೂರಕ್ಕೆ 43 ಬಡ್ಡಿ ಆಯಿತು. ಮೀಟರ್ ಬಡ್ಡಿಯವರೂ ನಾಚಬೇಕು! 2020ರ ಕೊನೆಗೆ ತೆಲಂಗಾಣದಲ್ಲಿ ಇಂಥವರ ಕಾಟಕ್ಕೆ ಜನ ಪ್ರಾಣ ಕಳಕೊಂಡರು. ಹೈದರಾಬಾದ್ ಪೊಲೀಸರು ಬೆಂಗಳೂರಿಗೂ ಬಂದು ಹಿಡಿದರು. ಇವರು 'ನಿನ್ನ ಸಿಬಿಲ್ ಹಾಳು ಮಾಡ್ತೀವಿ' ಅಂತ ಹೆದರಿಸುತ್ತಾರೆ. ಪರವಾನಗಿಯೇ ಇಲ್ಲದವನಿಗೆ ಅಲ್ಲಿ ಹೆಸರು ಬರೆಸುವ ಹಕ್ಕೆಲ್ಲಿದೆ? ನಿಮ್ಮ ಮೊಬೈಲಿನ ನಂಬರುಗಳು, ಫೋಟೋಗಳೇ ಅವನ ಆಯುಧ. ನಿಯಮದಂತೆ ನಡೆಯುವ ಆ್ಯಪು ಅವನ್ನು ಮುಟ್ಟುವಂತಿಲ್ಲ. ಮುಟ್ಟಲು ಅನುಮತಿ ಕೇಳಿದ ಗಳಿಗೆಯಲ್ಲೇ ಅನುಮಾನ ಪಡಿ. ಅಸಲಿ ಆ್ಯಪುಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2025ರ ಜುಲೈನಲ್ಲಿ ತನ್ನ ವೆಬ್‌ಸೈಟಿಗೆ ಹಾಕಿದೆ. ಬೆದರಿಕೆ ಬಂದರೆ 1930ಕ್ಕೆ ಫೋನು ಮಾಡಿ.

ಪೂರ್ತಿ ತೀರಿಸಿದ ಮೇಲೂ ದಾಖಲೆಯಲ್ಲಿ ಬಾಕಿ ತೋರಿಸುತ್ತಿದ್ದರೆ? ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿ ಕೊಡಬೇಕೆಂದು 2017ರಿಂದ ನಿಯಮವಿದೆ. ತೆಗೆಸಿ ನೋಡಿ. ತಪ್ಪಿದ್ದರೆ ಸಾಲ ಕೊಟ್ಟ ಕಂಪನಿಗೋ, ಅಂಕ ಹಾಕಿದ ಕಂಪನಿಗೋ ಬರೆದು ಕೊಡಿ. 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಅವರೇ ನಿಮಗೆ ಕೊಡಬೇಕು. 2024ರ ಏಪ್ರಿಲಿನಿಂದ ಬಂದ ನಿಯಮ ಇದು. ಅದಕ್ಕೇ ಸಾಲ ತೀರಿದ ರಸೀದಿ, ದೂರು ಕೊಟ್ಟ ತಾರೀಕು, ಎರಡನ್ನೂ ಜೋಪಾನವಾಗಿಡಿ.