ದಂಟಿನ ಬೆಂಡು ಮತ್ತು ವಿಮಾನದ ಒಡಲು

ಭಾರವಾದದ್ದು ಬಲಿಷ್ಠ, ಹಗುರವಾದದ್ದು ದುರ್ಬಲ ಎಂಬ ಭಾವನೆ ನಮ್ಮಲ್ಲಿ ಬಹಳ ಹಿಂದಿನಿಂದ ಬೇರೂರಿದೆ. ತೊಲೆ ದಪ್ಪವಿದ್ದಷ್ಟೂ ಮನೆ ಗಟ್ಟಿ ಎನ್ನುತ್ತೇವೆ. ಆಕಾಶದಲ್ಲಿ ಈ ನ್ಯಾಯ ನಡೆಯದು. ರೇಡಿಯೋ ಅಲೆಗಳ ಅಂಕೆಯಲ್ಲಿ ಹಾರುವ ಪಂದ್ಯದ ಮಾದರಿ ವಿಮಾನಗಳ ಒಡಲನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಅವು ಮಕ್ಕಳ ಆಟಿಕೆಯೆಂದು ತಿಳಿದವರು ಮೊದಲು ಅವುಗಳ ಲೆಕ್ಕವನ್ನಿಷ್ಟು ಕೇಳಬೇಕು.

ಅಂತರರಾಷ್ಟ್ರೀಯ ನಿಯಮದ ಎಫ್-3-ಡಿ ಎಂಬ ಪಂದ್ಯದಲ್ಲಿ ಮೂರು ಕಂಬಗಳನ್ನು ಹತ್ತು ಸಲ ಸುತ್ತಿ 4 ಕಿಲೋಮೀಟರ್ ಹಾರಬೇಕು. ನಿಪುಣರು ಇದನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ವಿಮಾನದ ತೂಕ ಎರಡು ಕಿಲೋಗಿಂತ ತುಸು ಹೆಚ್ಚು. ಅದು ಸೆಕೆಂಡಿಗೆ 80 ಮೀಟರ್ ವೇಗದಲ್ಲಿ 32 ಮೀಟರ್ ತ್ರಿಜ್ಯದ ತಿರುವನ್ನು ಹೊಕ್ಕಿತೆನ್ನಿ. ಆಗ ಅದರ ಮೇಲೆ ಬೀಳುವ ಒತ್ತಡ ಅದರ ತೂಕದ ಇಪ್ಪತ್ತು ಪಟ್ಟು, ಅಂದರೆ 40 ಕಿಲೋ ಮೀರಿದ್ದು. ಆ ಗಳಿಗೆಯಲ್ಲಿ ಒಡಲು ಮುರಿದರೆ ವಿಮಾನವು ಕವಣೆಯ ಕಲ್ಲಾಗುತ್ತದೆ. ಕೆಳಗೆ ಮನುಷ್ಯರು ನಿಂತಿರುತ್ತಾರೆ.

ಹಾಗಾದರೆ ದಪ್ಪ ಹಲಗೆಯಿಂದಲೇ ಕಟ್ಟಬಾರದೇಕೆ? ವಿಮಾನವೂ ಒಂದು ತಕ್ಕಡಿ. ತೂಕದ ಮಧ್ಯಬಿಂದುವಿನಿಂದ ಬಾಲವು ಮೂಗಿಗಿಂತ ಮೂರು ಪಟ್ಟು ದೂರವಿದ್ದರೆ, ಬಾಲಕ್ಕೆ ಸೇರಿಸಿದ 10 ಗ್ರಾಂ ಮರಕ್ಕೆ ಪ್ರತಿಯಾಗಿ ಮೂಗಿನಲ್ಲಿ 30 ಗ್ರಾಂ ಸೀಸವನ್ನಿಡಬೇಕು. ಹೆಚ್ಚಿದ ತೂಕವನ್ನು ಹೊರಲು ರೆಕ್ಕೆ ಮತ್ತಷ್ಟು ಗಟ್ಟಿಯಾಗಬೇಕು. ಹೀಗೆ ಭಾರವು ಭಾರವನ್ನೇ ಹೆರುತ್ತದೆ.

ಈ ತೊಡಕಿಗೆ ಉತ್ತರ ನಮ್ಮ ಹೊಲದಲ್ಲಿಯೇ ಇದೆ. ಹುಬ್ಬಳ್ಳಿ ತಾಲೂಕಿನ ನಮ್ಮ ಶಿರಗುಪ್ಪಿ ಎರೆಭೂಮಿಯ ಊರು. ಹಿಂಗಾರಿಯಲ್ಲಿ ಅಲ್ಲಿ ಬಿಳಿಜೋಳ ಆಳೆತ್ತರಕ್ಕೆ ನಿಲ್ಲುತ್ತದೆ. ತುದಿಯಲ್ಲಿ ತೆನೆಯ ಭಾರ, ಸುತ್ತ ಬಯಲ ಗಾಳಿ. ಆ ದಂಟನ್ನು ಸೀಳಿ ನೋಡಿ: ಹೊರಗೆ ತೆಳುವಾದ ಗಟ್ಟಿ ಸಿಪ್ಪೆ, ಒಳಗೆ ಹಗುರವಾದ ಬೆಂಡು. ಬಾಗುವಾಗ ಎಳೆತವನ್ನೂ ಒತ್ತಡವನ್ನೂ ತಡೆಯುವುದು ಸಿಪ್ಪೆ. ಬೆಂಡಿನ ಕೆಲಸವೆಂದರೆ ಎರಡು ಬದಿಯ ಸಿಪ್ಪೆಯನ್ನು ದೂರದಲ್ಲಿ ಹಿಡಿದು, ಒಳಕ್ಕೆ ಕುಸಿಯದಂತೆ ಕಾಯುವುದು. ಆ ಅಂತರ ಇಮ್ಮಡಿಯಾದರೆ ಬಾಗದಿರುವ ಶಕ್ತಿ ಸುಮಾರು ನಾಲ್ಮಡಿಯಾಗುತ್ತದೆ. ತೂಕ ಮಾತ್ರ ಅಷ್ಟಾಗಿ ಏರುವುದಿಲ್ಲ.

ಮಾದರಿ ವಿಮಾನ ಕಟ್ಟುವವರು ಅನುಸರಿಸುವುದು ಇದೇ ಕ್ರಮವನ್ನು. ಒಡಲನ್ನು ಉದ್ದಕ್ಕೆ ಎರಡು ಹೋಳಾಗಿ ಅಚ್ಚಿನಲ್ಲಿ ಎರೆಯುತ್ತಾರೆ. ಎಪಾಕ್ಸಿ ಅಂಟಿನಲ್ಲಿ ನೆನೆದ ಗಾಜಿನೆಳೆಯ ಬಟ್ಟೆಯೇ ಸಿಪ್ಪೆ. ನಡುವೆ ಬಾಲ್ಸಾ ಮರದ ತೆಳುಹಾಳೆಯೋ ನೊರೆಯಂಥ ಪ್ಲಾಸ್ಟಿಕ್ಕೋ ಬೆಂಡು. ಅಂಟು ಹೆಚ್ಚಾದರೆ ಬಲ ಹೆಚ್ಚುವುದಿಲ್ಲ, ಭಾರ ಹೆಚ್ಚುತ್ತದೆ. ಆದುದರಿಂದ ಮಿಕ್ಕಿದ್ದನ್ನು ಒತ್ತಿ ತೆಗೆಯುತ್ತಾರೆ. ಎಳೆಗಳನ್ನು ಓರೆಯಾಗಿ, 45 ಅಂಶದ ಕೋನದಲ್ಲಿ ಹಾಸಿದರೆ ತಿರುಚನ್ನು ಚೆನ್ನಾಗಿ ತಡೆಯುತ್ತವೆ. ಎಂಜಿನ್ನು ಕೂರುವಲ್ಲಿ, ರೆಕ್ಕೆ ಸೇರುವಲ್ಲಿ ಮಾತ್ರ ಪದರ ಹೆಚ್ಚು. ಕಾರ್ಬನ್ ಎಳೆ ಇನ್ನೂ ಬಿಗಿಯಾದದ್ದು ನಿಜ. ಆದರೆ ಅದು ವಿದ್ಯುದ್ವಾಹಕವಾದುದರಿಂದ ರೇಡಿಯೋ ಅಲೆಗಳಿಗೆ ಅಡ್ಡಬರುತ್ತದೆ. ಆಂಟೆನಾದ ಬಳಿ ಗಾಜಿನೆಳೆಯೇ ಲೇಸು.

ಕೊನೆಗೆ ಎರಡು ಹೋಳುಗಳನ್ನು ಬೆಸೆದು ಮುಚ್ಚಿದ ಕೊಳವೆ ಮಾಡಬೇಕು. ಕಾಗದವನ್ನು ಸುರುಳಿ ಸುತ್ತಿ, ಅಂಚನ್ನು ಅಂಟಿಸಿ ತಿರುಚಿರಿ. ಬಳಿಕ ಉದ್ದಕ್ಕೆ ಸೀಳಿ ತಿರುಚಿರಿ. ಬೆಸುಗೆಯ ಬೆಲೆ ನಿಮ್ಮ ಬೆರಳಿಗೇ ತಿಳಿಯುತ್ತದೆ.

ದೊಡ್ಡ ವಿಮಾನಗಳೂ ಈ ದಾರಿಯಲ್ಲಿ ನಡೆದಿವೆ. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಮಸ್ಕಿಟೋ ಯುದ್ಧವಿಮಾನದ ಒಡಲು ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟು, ಎರಡು ಹೋಳಾಗಿ ಅಚ್ಚಿನ ಮೇಲೆ ರೂಪಿಸಿದ್ದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 'ಹಂಸ', 1993ರಲ್ಲಿ ಹಾರಿದ ಇಬ್ಬರು ಕೂರುವ ವಿಮಾನ, ಎಳೆ ಮತ್ತು ಅಂಟಿನ ಸಂಯುಕ್ತ ವಸ್ತುವಿನಿಂದಲೇ ಆದದ್ದು. 2001ರಲ್ಲಿ ಬೆಂಗಳೂರಿನಿಂದ ಮೇಲೆದ್ದ ತೇಜಸ್ಸಿನ ಕಟ್ಟೋಣದ ತೂಕದಲ್ಲಿಯೂ ಶೇಕಡಾ 45ರಷ್ಟು ಇಂಥ ವಸ್ತುವೇ. ದಂಟಿನ ಬೆಂಡು ಸಿಪ್ಪೆಗಳಿಂದ ಗಾಡಿ ಮಾಡಿ ಆಡುತ್ತಿದ್ದ ನಮ್ಮ ಹಳ್ಳಿಯ ಹುಡುಗರಿಗೆ ಈ ವಿದ್ಯೆ ತೀರ ಪರಕೀಯವೇನೂ ಅಲ್ಲ. ಶಾಲೆಯಲ್ಲಿ ಯಾರಾದರೂ ಆ ಎಳೆಯನ್ನು ಹಿಡಿದು ತೋರಿಸಬೇಕಷ್ಟೆ.

ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಸಂಯುಕ್ತ ವಸ್ತುವಿನ ಬಿರುಕು ಒಳಗೇ ಅಡಗಿರಬಲ್ಲದು. ಪ್ರತಿ ಹಾರಾಟಕ್ಕೂ ಮುನ್ನ ಮೂಗು ಬಾಲಗಳನ್ನು ಹಿಡಿದು ಮೆಲ್ಲನೆ ತಿರುಚಿ, ಕಿವಿಗೊಟ್ಟು ಕೇಳಬೇಕು. ಚಿಟಿಲೆಂಬ ಸದ್ದು ಬಂದರೆ, ಪಂದ್ಯ ಎಷ್ಟೇ ದೊಡ್ಡದಿರಲಿ, ಅಂದು ಆ ವಿಮಾನ ನೆಲದ ಮೇಲೆಯೇ ಇರತಕ್ಕದ್ದು.