ಮಾದಪ್ಪನ ಸೀಮೆಗೆ ಬಂದ ಬಾನುಲಿ

ಕೊಳ್ಳೇಗಾಲ, ಹನೂರು, ಯಳಂದೂರಿನ ಹಿರಿಯರ ಮುಂದೆ ರೇಡಿಯೋ ಮಾತು ತೆಗೆಯಿರಿ. ಮೈಸೂರು ಆಕಾಶವಾಣಿಯ ಹೆಸರು ಬಂದೇ ಬರುತ್ತೆ.

ಅದರ ಹುಟ್ಟು 1935ರಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮೈಸೂರಿನ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಒಂದು ಹಳೇ ಬಲ್ಬಿಗೆ ಬೇಕಾದಷ್ಟೂ ಶಕ್ತಿ ಅದಕ್ಕಿರಲಿಲ್ಲ! ನಮ್ಮ ಸೀಮೆ ಆಗ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು: ಯಳಂದೂರು ಮೈಸೂರು ಸಂಸ್ಥಾನದ್ದು. ಪಕ್ಕದ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಅದು ಮತ್ತೆ ಸಿಕ್ಕಿದ್ದು 1974ರಲ್ಲಿ.

ನಿಲಯ ಬೆಂಗಳೂರಿಗೆ ಹೋಗುವ ಮೊದಲೇ ಆಕಾಶವಾಣಿಯ ಪೈಪೋಟಿಗೆ ಶ್ರೀಲಂಕಾದ ರೇಡಿಯೋ ಸಿಲೋನ್ ಬಂದಿತ್ತು. 1952ರಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ದೂರ ಇಟ್ಟರು. ಕೇಳುಗರು ಬಿಡ್ತಾರಾ? ಶಾರ್ಟ್‌ವೇವ್ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಗೊರಗೊರ ಸದ್ದಿನ ನಡುವೆ ಸಿಲೋನಿನಿಂದ ಬರುವ, ಅಮೀನ್ ಸಯಾನಿ ದನಿಯ ಹಿಂದಿ ಚಿತ್ರಗೀತೆ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಹುಡುಕಿದರು. ಸರ್ಕಾರ 1957ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲೇ ಸಿನಿಮಾ ಹಾಡು ಕೇಳಿಸುವ ವಿವಿಧ ಭಾರತಿ ಆರಂಭಿಸಿ ಉತ್ತರ ಕೊಟ್ಟಿತು.

ಆಮೇಲೆ ಖಾಸಗಿ ಎಫ್‌ಎಂಗಳ ಕಾಲ. ಹಗಲೂ ರಾತ್ರಿ ಚಿತ್ರಗೀತೆ, ಪಟಪಟ ಮಾತು.

ಆದರೆ ನಮ್ಮ ಸೀಮೆಯ ಹಾಡೇ ಬೇರೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟದ ಕಂಸಾಳೆ ಪದ, ಚಿಕ್ಕಲ್ಲೂರು ಜಾತ್ರೆಯಲ್ಲಿ ಹಾಡುವ ಜನಪದ ಗಾಯಕರಾದ ನೀಲಗಾರರ ತಂಬೂರಿ ಪದ ರಾತ್ರಿಯಿಡೀ ನಡೆಯುವಂಥವು. ಮೂರು ನಿಮಿಷದ ಹಾಡಿನ ಲೆಕ್ಕದಲ್ಲಿ ಓಡುವ ವಾಹಿನಿಗೆ ಇವು ಒಗ್ಗೋದು ಕಷ್ಟ. ಜನಪದಕ್ಕೆ ಸಮಯ ಕೊಡುವ ಆಕಾಶವಾಣಿ ಈ ಭಾಗಕ್ಕೆ ಇವತ್ತಿಗೂ ಬೇಕು. ನಿಮ್ಮೂರಿನ ಹಾಡುಗಾರರ ದನಿಯನ್ನು ರೇಡಿಯೋದಲ್ಲಿ ಕೇಳಿದ್ದೀರಾ? ಅವರ ಊರು, ಹೆಸರು ಕಾಮೆಂಟಲ್ಲಿ ಬರೆಯಿರಿ.